ಸೂಜಕ್ಕ ಹಾಕಿದ ಬೆಲೆ

ಸೂಜಕ್ಕ ಅವಳ ನಿಜವಾದ ಹೆಸರಲ್ಲ. ಬೈಂಡಿಂಗ್ ಶಾಪಿನಲ್ಲಿ ಅಂಟಿಕೊಂಡ ಹೆಸರು. ಫಾರಂ, ಅಂದರೆ ಅಚ್ಚಾದ ದೊಡ್ಡ ಹಾಳೆ, ಮಡಿಸಿ ಹೊಲಿಯುವ ಹೆಂಗಸರು ಅಲ್ಲಿ ಬೇಕಾದಷ್ಟು ಜನ ಇದ್ದರು. ಸೂಜಿ ಒಳಗೆ ಹೋದದ್ದು ಕಂಡಿತೋ ಇಲ್ಲವೋ ಅನ್ನುವಷ್ಟರಲ್ಲಿ ಹೊರಗೆ ಬಂದಿರುತ್ತಿದ್ದದ್ದು ಇವಳ ಕೈಯಲ್ಲಿ ಮಾತ್ರ. ಮದುವೆಯಾದ ಮೇಲೂ, ಶಾಪು ಮುಚ್ಚಿದ ಮೇಲೂ, ತಲೆ ಬೆಳ್ಳಗಾದ ಮೇಲೂ ಆ ಹೆಸರು ಬಿಡಲಿಲ್ಲ. ಅವಳ ಯಜಮಾನರು ಜಗಳ ಬಂದಾಗ ಮಾತ್ರ ನಿಜವಾದ ಹೆಸರು ಹಿಡಿದು ಕರೆಯುತ್ತಿದ್ದರು.

ಶಾಪಿನಲ್ಲಿ ಅವಳು ಕಲಿತ ಇನ್ನೊಂದು ವಿದ್ಯೆ ಬೆಲೆ ಹೇಳುವುದು. ಪುಸ್ತಕವನ್ನು ಅಂಗೈ ಮೇಲೆ ಇಟ್ಟು ಒಂದು ಸಲ ತೂಗಿದರೆ ಸಾಕು. ಇಷ್ಟು ಕಾಗದ, ಇಷ್ಟು ದಾರ, ಇಷ್ಟು ಗೋಂದು, ಮೇಲೆ ರಟ್ಟು, ಅದರ ಮೇಲೆ ಮಾಲೀಕನ ದುರಾಸೆ. ಹೇಳಿದ ಬೆಲೆ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಮಾರಾಟವಾಗದೆ ಉಳಿದ ಫಾರಂಗಳು ತೂಕದ ಲೆಕ್ಕದಲ್ಲಿ ರದ್ದಿಗೆ ಹೋಗುತ್ತಿದ್ದವು. ಪುಸ್ತಕ ಅಂದರೆ ಅವಳಿಗೆ ಕೈಗೆ ಭಾರ ಸಿಗುವ ವಸ್ತು.

ಶಾಪು ಮುಚ್ಚಿದ್ದು ಜನ ಫೋನಿನಲ್ಲಿ ಓದಲು ಶುರು ಮಾಡಿದ ಮೇಲೆ. ಯಜಮಾನರು ಅದೇ ಶಾಪಿಗೆ ಸೇರಿದ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವರು. ಎಲ್ಲರೂ ಫೋನಿಗೆ ಬೈದರು. ಅವರು ಬೈಯಲಿಲ್ಲ. ಹಳೆಯ ಕಂಪ್ಯೂಟರ್ ಒಂದನ್ನು ತಂದು, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ, ಕಿಟಕಿ ಪಕ್ಕ ಇಟ್ಟರು. ಪತ್ತೇದಾರಿ ಕಾದಂಬರಿಗಳನ್ನು ಇ-ಪುಸ್ತಕ ಮಾಡಿ ಮಾರುತ್ತೇನೆ ಎಂದರು. ಸೂಜಕ್ಕ ನಕ್ಕಳು.

"ಕೈಗೆ ಸಿಗದ್ದನ್ನ ಯಾರ್ರೀ ಕೊಂಡ್ಕೋತಾರೆ?"

"ಕಾಸು ಕೊಟ್ಟು ಸಿನಿಮಾ ನೋಡ್ಕೊಂಡು ಬಂದೋರ ಕೈಯಲ್ಲಿ ಏನಿರುತ್ತೆ ಹೇಳು," ಎಂದರು ಯಜಮಾನರು.

ಅವಳೂ ಜೊತೆಗೆ ಕೂತಳು. ಕೆಲಸ ಕಲಿತಳು. ಸಾಲುಗಳ ನಡುವೆ ಜಾಗ ಸರಿ ಇದೆಯೇ, ಅಧ್ಯಾಯ ಹೊಸ ಪುಟದಿಂದ ಶುರುವಾಗುತ್ತದೆಯೇ, ಅಂಚು ಒಂದೇ ಸಮ ಇದೆಯೇ, ಇವು ಅವಳ ಪಾಲು. ಬರೆಯುವವರನ್ನು ಹುಡುಕುವುದು, ತಿದ್ದುವುದು, ಬೆಲೆ ಹಾಕುವುದು ಅವರ ಪಾಲು.

ಬೆಲೆಯ ವಿಷಯದಲ್ಲಿ ಅವರದ್ದು ಒಂದೇ ಹಟ. ಎರಡು ಲೋಟ ಚಹಾಗಿಂತ ಕಡಿಮೆಗೆ ಪುಸ್ತಕ ಮಾರಬಾರದು. ಹೋಟೆಲಿನಲ್ಲಿ ಚಹಾದ ಬೆಲೆ ಏರಿದರೆ ಪುಸ್ತಕದ ಬೆಲೆಯೂ ಏರುತ್ತಿತ್ತು. ಈ ಹಟಕ್ಕೇ ತಮ್ಮನಿಗೂ ಅವರಿಗೂ ಮನಸ್ತಾಪ ಬಂತು. ತಮ್ಮ, ಅಂದರೆ ಸೂಜಕ್ಕನ ಮೈದುನ, ಮೊದಲೆರಡು ವರ್ಷ ಇದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದವನು. "ಅಣ್ಣ, ಅರ್ಧ ಲೋಟಕ್ಕೆ ಕೊಡೋಣ, ನಾಲ್ಕು ಪಟ್ಟು ಜನ ಕೊಳ್ತಾರೆ," ಅನ್ನುತ್ತಿದ್ದ. "ನಾಲ್ಕು ಪಟ್ಟು ಜನ ಕೊಳ್ತಾರೆ, ಒಬ್ಬನೂ ಓದಲ್ಲ," ಅನ್ನುತ್ತಿದ್ದರು ಇವರು. ಒಂದು ದಿನ ಮೈದುನ ತನ್ನ ಚೀಲ ತೆಗೆದುಕೊಂಡು ಇಳಿದು ಹೋದ. ಎರಡು ಬೀದಿ ಆಚೆ ತನ್ನದೇ ಅಂಗಡಿ ತೆರೆದ. ಅವೇ ಬಗೆಯ ಪುಸ್ತಕ, ಯಾವಾಗಲೂ ಅಣ್ಣನಿಗಿಂತ ಒಂದು ಗುಟುಕು ಕಡಿಮೆ ಬೆಲೆ.

ಆದರೂ ಯಜಮಾನರ ಮನೆ ನಡೆಯಿತು. ನಡೆಸಿದ್ದು ಒಬ್ಬನೇ ಬರಹಗಾರ. ಅವನು ಔಷಧಿ ಅಂಗಡಿಯ ಗುಮಾಸ್ತ. ಗಿಡ್ಡ ಆಸಾಮಿ, ಮಾತು ಕಡಿಮೆ, ಕೆಮ್ಮುವಾಗಲೂ ಕ್ಷಮೆ ಕೇಳುವಂಥವನು. ಕೆಲಸದಿಂದ ನಿವೃತ್ತಳಾದ ಒಬ್ಬ ದಾದಿಯನ್ನು ಪತ್ತೇದಾರಳನ್ನಾಗಿ ಮಾಡಿ ಎಂಟು ಕಾದಂಬರಿ ಬರೆದಿದ್ದ. ಎಂಟರಲ್ಲೂ ವಿಷ. ಬೇರೆ ಹೆಸರಿನಲ್ಲಿ ಬರೆಯುತ್ತಿದ್ದ. ಅವನ ಅಂಗಡಿಯ ಮಾಲೀಕನಿಗಿರಲಿ, ಅವನ ಹೆಂಡತಿಗೂ ಗೊತ್ತಿರಲಿಲ್ಲ. "ವಿಷದ ಬಗ್ಗೆ ಇಷ್ಟು ಯೋಚನೆ ಮಾಡ್ತೀನಿ ಅಂತ ಗೊತ್ತಾದ್ರೆ ಅವಳು ನನ್ನ ಕೈಯಿಂದ ನೀರೂ ಕುಡಿಯಲ್ಲ, ಅಕ್ಕ," ಎಂದು ಒಮ್ಮೆ ಹೇಳಿದ್ದ. ಅವನು ಹೇಳಿದ ತಮಾಷೆ ಅದೊಂದೇ.

ಎಂಟೂ ಪುಸ್ತಕಗಳು ದೊಡ್ಡ ಆನ್‌ಲೈನ್ ಅಂಗಡಿಯ, ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿ ಮೇಲೆಯೇ ಇರುತ್ತಿದ್ದವು. ಒಂಬತ್ತನೆಯದು ಕೊನೆಯದು. ದಾದಿ ತನ್ನ ಕೊನೆಯ ಪತ್ತೇದಾರಿ ಮಾಡುವ ಕತೆ. ಅದರ ಮೊದಲರ್ಧ ಯಜಮಾನರ ಕೈಗೆ ಬಂದಿತ್ತು. ಅದನ್ನು ಅವರು ಕಾಗದಕ್ಕೆ ಇಳಿಸಿ, ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು. ಕಾಗದದ ಮೇಲೆ ತಿದ್ದಿದರೇ ತಪ್ಪು ಕಾಣುವುದು ಎಂಬ ಹಳೇ ಪ್ರೂಫ್‌ನವರ ಚಾಳಿ.

ತಿದ್ದುತ್ತ ಕೂತಿದ್ದವರು ಕುರ್ಚಿಯಲ್ಲೇ ಹೋಗಿಬಿಟ್ಟರು. ಅವಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಪೆನ್ನು ಬಿದ್ದ ಸದ್ದು ಕೇಳಿತು. "ಪೆನ್ನು ಬಿತ್ತು ನೋಡಿ," ಎಂದು ಕೂಗಿ ಹೇಳಿ ಪಾತ್ರೆ ತೊಳೆದು ಮುಗಿಸಿದಳು. ಆಮೇಲೆ ಬಂದು ನೋಡಿದಳು. ಇದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ.

ಮಾತಾಡಿಸಲು ಬಂದವರಲ್ಲಿ ಮೈದುನನೂ ಇದ್ದ, ಗುಮಾಸ್ತನೂ ಇದ್ದ. ಮೈದುನ ಅತ್ತ. ಅತ್ತು, ಮುಖ ಒರೆಸಿಕೊಂಡು, ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ಗುಮಾಸ್ತನ ಹೆಗಲ ಮೇಲೆ ಕೈ ಹಾಕಿದ. ಸೂಜಕ್ಕ ಬಾಗಿಲ ಸಂದಿಯಿಂದ ನೋಡಿದಳು.

"ಒಂಬತ್ತನೇದು ಎಲ್ಲಿಗೆ ಬಂತು?" ಎಂದು ಮೈದುನ ಕೇಳಿದ. "ಅತ್ತಿಗೆ ಕೈಲಿ ಇದೆಲ್ಲ ಆಗೋ ಮಾತಲ್ಲ. ಯೋಚನೆ ಮಾಡಿ."

ಗುಮಾಸ್ತ ಏನು ಹೇಳಿದನೋ ಕೇಳಲಿಲ್ಲ. ತಲೆ ಆಡಿಸಿದ್ದು ಕಂಡಿತು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಆ ತಲೆ ಆಡಿಸಿದ್ದು ಅವಳನ್ನು ಬಿಡಲಿಲ್ಲ. ಒಂಬತ್ತನೆಯದು ಯಜಮಾನರು ಕೊನೆಯದಾಗಿ ಮುಟ್ಟಿದ ಪುಸ್ತಕ. ಅದು ಈ ಮನೆಯಿಂದಲೇ ಹೊರಗೆ ಹೋಗಬೇಕು. ಗುಮಾಸ್ತ ಕೈ ಬಿಟ್ಟರೆ ಮನೆಯೂ ಇಲ್ಲ, ಪುಸ್ತಕವೂ ಇಲ್ಲ, ಯಜಮಾನರ ಹೆಸರೂ ಇಲ್ಲ. ಗುಮಾಸ್ತ ಉಳಿಯಬೇಕಾದರೆ ಈ ಅಂಗಡಿ ಇನ್ನೂ ಬದುಕಿದೆ ಎಂದು ಅವನಿಗೆ ಕಾಣಬೇಕು. ಪಟ್ಟಿಯಲ್ಲಿ ಮೇಲಿರಬೇಕು. ಮೈದುನನಿಗಿಂತ ಮೇಲೆ.

ಪಟ್ಟಿಯಲ್ಲಿ ಮಾತ್ರ ಎಂಟೂ ಪುಸ್ತಕಗಳು ದಿನದಿನಕ್ಕೆ ಕೆಳಗಿಳಿಯುತ್ತಿದ್ದವು. ಯಜಮಾನರು ಅಲ್ಲಿ ಇಲ್ಲಿ ನಾಲ್ಕು ಜನಕ್ಕೆ ಪತ್ರ ಬರೆದು, ಹೊಸ ಓದುಗರಿಗೆ ಹೇಳಿ ಏನೇನೋ ಮಾಡುತ್ತಿದ್ದರು. ಅವಳಿಗೆ ಅದು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಬೆಲೆ ಬದಲಿಸುವ ಒಂದು ಗುಂಡಿ ಒತ್ತುವುದು.

ಮೊದಲು ಒಂದೂವರೆ ಲೋಟಕ್ಕೆ ಇಳಿಸಿದಳು. ಬೆಳಿಗ್ಗೆ ಎದ್ದು ನೋಡಿದರೆ ಮೈದುನ ಅವಳಿಗಿಂತ ಒಂದು ಗುಟುಕು ಕೆಳಗೆ. ಒಂದು ಲೋಟಕ್ಕೆ ಇಳಿಸಿದಳು. ಅವನು ಅದಕ್ಕಿಂತ ಕೆಳಗೆ. ಮುಕ್ಕಾಲು. ಅವನು ಇನ್ನೂ ಕೆಳಗೆ. ಅವಳಿಗೆ ಮೈ ಉರಿಯಿತು. ಅಣ್ಣ ಸತ್ತ ಮೇಲೂ ಬಿಡದೆ, ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಕೂತು ತನ್ನ ಬೆಲೆ ನೋಡಿ ಕತ್ತರಿಸುತ್ತಾನಲ್ಲ, ಎಂಥ ಎದೆ ಇವನದ್ದು!

"ಹಾಳಾಗಿ ಹೋಗು," ಎಂದು ಕಂಪ್ಯೂಟರಿಗೆ ಬೈದಳು. "ಸೊನ್ನೆಗಿಂತ ಕೆಳಗೆ ಇಳೀತೀಯಾ? ಇಳಿ, ನೋಡೋಣ."

ದೊಡ್ಡ ಅಂಗಡಿ ಸೊನ್ನೆ ಹಾಕಲು ಬಿಡುವುದಿಲ್ಲ. ಇನ್ನೊಂದು ಸಣ್ಣ ಆನ್‌ಲೈನ್ ಅಂಗಡಿ ಬಿಡುತ್ತದೆ. ಸಣ್ಣದರಲ್ಲಿ ಪುಕ್ಕಟೆ ಕಂಡರೆ ದೊಡ್ಡದೂ ತಾನಾಗಿ ಬೆಲೆ ಇಳಿಸಿ ಪುಕ್ಕಟೆ ಮಾಡುತ್ತದೆ. ಇದನ್ನು ಯಜಮಾನರೇ ಒಮ್ಮೆ ಊಟ ಮಾಡುತ್ತ ಹೇಳಿದ್ದರು. ಅಪಾಯ ಎಂದು ಹೇಳಿದ್ದರು. ಅವಳಿಗೆ ಅಪಾಯ ಮರೆತುಹೋಯಿತು, ಉಪಾಯ ನೆನಪಿತ್ತು.

ಅವಳು ಹಾಕಿದ ಲೆಕ್ಕ ಬೈಂಡಿಂಗ್ ಶಾಪಿನ ಲೆಕ್ಕ. ಕಾಗದ ಇಲ್ಲ. ದಾರ ಇಲ್ಲ. ಗೋಂದು ಇಲ್ಲ. ರಟ್ಟು ಇಲ್ಲ. ಒಂದು ಕೊಟ್ಟರೂ ಲಕ್ಷ ಕೊಟ್ಟರೂ ಇಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಅಂಗೈ ಮೇಲೆ ಇಟ್ಟು ತೂಗಿದರೆ ಗಾಳಿ. ಗಾಳಿಗೆ ಎಷ್ಟು ಬೆಲೆ?

ಎಂಟೂ ಪುಸ್ತಕಗಳಿಗೆ ಸೊನ್ನೆ ಹಾಕಿದಳು.

ಆ ದಿನ ಜನ ಮುಗಿಬಿದ್ದರು. ಎಷ್ಟು ಜನ ಪುಸ್ತಕವನ್ನು ಫೋನಿಗೆ ಇಳಿಸಿಕೊಂಡರು ಎಂದು ತೋರಿಸುವ ಗೆರೆ ಕಂಪ್ಯೂಟರಿನ ಪರದೆಯ ನೆತ್ತಿ ಮುಟ್ಟಿತು. ಸೂಜಕ್ಕ ಯಜಮಾನರ ಕುರ್ಚಿಯಲ್ಲಿ ಮೊದಲ ಸಲ ಕೂತಳು. ನೋಡಿ, ಎಂದು ಮನಸ್ಸಿನಲ್ಲೇ ಅವರಿಗೆ ಹೇಳಿದಳು. ಕೆಳಗಿನ ಸೈಕಲ್ ಶಾಪಿನವನು ಸಿಕ್ಕಾಗ ತಾನೇ ಮಾತು ತೆಗೆದಳು.

"ನಮ್ಮ ಪುಸ್ತಕ ನೋಡಿದ್ಯಾ?"

"ನೋಡಿದೆ ಸೂಜಕ್ಕ, ಎಂಟೂ ಇಳಿಸಿಕೊಂಡೆ."

"ಹೇಗಿದೆ?"

"ಅಯ್ಯೋ, ಓದೋಕೆ ಪುರುಸೊತ್ತೆಲ್ಲಿ? ಪುಕ್ಕಟೆ ಇತ್ತಲ್ಲ, ಇರ್ಲಿ ಅಂತ ಇಳಿಸಿಕೊಂಡೆ. ಆಮೇಲೆ ಫೋನಲ್ಲಿ ಜಾಗ ಸಾಲಲಿಲ್ಲ, ನನ್ನ ಮೊಮ್ಮಗಳ ಫೋಟೋ ಇತ್ತು ನೋಡಿ, ಪುಸ್ತಕಾನೇ ಅಳಿಸಿಬಿಟ್ಟೆ." ಅವನು ಚಕ್ರ ತಿರುಗಿಸುತ್ತ ನಕ್ಕ. "ಮತ್ತೆ ಏನಾದ್ರೂ ಪುಕ್ಕಟೆ ಬಿಟ್ರೆ ಹೇಳಿ."

ಅವಳಿಗೆ ಏನೋ ಚುಚ್ಚಿತು. ಮೇಲೆ ಬಂದು ದೊಡ್ಡ ಅಂಗಡಿಯ ಪಟ್ಟಿ ತೆರೆದಳು. ಮೇಲಿನಿಂದ ಕೆಳಗಿನವರೆಗೆ ಹುಡುಕಿದಳು. ಎಂಟರಲ್ಲಿ ಒಂದೂ ಇಲ್ಲ. ಮೈದುನನ ಪುಸ್ತಕಗಳಿದ್ದವು, ಅವಳವು ಇಲ್ಲ. ಬಹಳ ಹೊತ್ತು ಹುಡುಕಿದ ಮೇಲೆ ತಿಳಿಯಿತು. ಪುಕ್ಕಟೆ ಪುಸ್ತಕಗಳಿಗೆ ಬೇರೆಯೇ ಪಟ್ಟಿ. ಕಾಸು ಕೊಟ್ಟು ಕೊಳ್ಳುವವರು ನೋಡುವ ಪಟ್ಟಿಯಿಂದ ಅವನ್ನು ಎತ್ತಿ ಅಲ್ಲಿಗೆ ಎಸೆದಿದ್ದರು, ಅಡುಗೆ ಪುಸ್ತಕ, ಹೊಟ್ಟೆ ಕರಗಿಸುವ ಪುಸ್ತಕಗಳ ಪಕ್ಕಕ್ಕೆ. ಮೈದುನನನ್ನು ಕೆಳಗೆ ಇಳಿಸಲು ಹೋಗಿ ಅವಳೇ ಆಟದಿಂದ ಹೊರಗೆ ಬಿದ್ದಿದ್ದಳು.

ಅದಕ್ಕಿಂತ ಕೆಟ್ಟದ್ದು ಪುಸ್ತಕಗಳ ಕೆಳಗೆ ಇತ್ತು. ಓದುಗರು ಬರೆದ ಮಾತುಗಳು.

ಮೊದಲೆಲ್ಲ ಅಲ್ಲಿ ಒಂದೊಂದೇ ಬರುತ್ತಿತ್ತು. ದಾದಿಯನ್ನು ಸ್ವಂತ ಚಿಕ್ಕಮ್ಮನ ಹಾಗೆ ಮಾತಾಡಿಸುವ ಜನ. ಈಗ ಬಂದವರು ಬೇರೆ. ಒಬ್ಬ ಬರೆದಿದ್ದ: ಪುಕ್ಕಟೆ ಸಿಕ್ಕರೂ ಮೋಸ ಹೋದೆ ಅನ್ನಿಸಿತು. ಇನ್ನೊಬ್ಬ: ಕತೆ ಕಡಿಮೆ, ಮಾತ್ರೆ ಜಾಸ್ತಿ, ಯಾವುದೋ ಔಷಧಿ ಅಂಗಡಿಯ ಬಿಲ್ಲು ಓದಿದ ಹಾಗಾಯಿತು. ಮತ್ತೊಬ್ಬ: ಇದನ್ನು ಬರೆದವನೇ ಕಾಸು ಕೊಟ್ಟು ನಮ್ಮ ಕೈಲಿ ಓದಿಸಬೇಕು. ಎಲ್ಲರೂ ಒಂದೊಂದೇ ನಕ್ಷತ್ರ ಕೊಟ್ಟಿದ್ದರು. ನಡುವೆ ಹಳೆಯ ಓದುಗ ಹೆಂಗಸೊಬ್ಬಳ ಮಾತು: ಹೋದ ವಾರ ಎಂಟಕ್ಕೂ ಕಾಸು ಕೊಟ್ಟು ತಗೊಂಡೆ, ಈಗ ಬೀದಿಗೆ ಸುರಿದಿದ್ದೀರಿ, ಪ್ರೀತಿಯಿಂದ ಕೊಂಡವಳನ್ನು ಪೆದ್ದಿ ಮಾಡಿದಿರಿ.

ಸೂಜಕ್ಕ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಗುಮಾಸ್ತ ಇವನ್ನು ನೋಡದಿರಲಿ ಎಂದು ಬೇಡಿಕೊಂಡಳು.

ಗುಮಾಸ್ತ ನೋಡಿದ್ದ. ಮಾರನೆಯ ದಿನವೇ ಬಂದ. ಚಪ್ಪಲಿ ಬಿಟ್ಟು, ಒಳಗೆ ಬಂದು, ಕೂರಿ ಎನ್ನುವವರೆಗೆ ನಿಂತೇ ಇದ್ದ. ಕೂತ ಮೇಲೂ ಕುರ್ಚಿಯ ತುದಿಯಲ್ಲಿ ಕೂತ. ಬೈಯಲು ಬಂದಿದ್ದರೆ ಚೆನ್ನಾಗಿತ್ತು. ಬೈದವರಿಗೆ ತಿರುಗಿ ಬೈಯಬಹುದು.

"ಅಕ್ಕ, ಒಂದು ಮಾತು ಕೇಳಲಾ?" ಎಂದ. "ನಮ್ಮ ಅಂಗಡೀಲಿ ಅವಧಿ ಮುಗಿಯೋಕೆ ಬಂದ ಔಷಧಿನ ಮಾಲೀಕರು ಹೀಗೇ ಕೊಡ್ತಾರೆ. ಒಂದು ತಗೊಂಡ್ರೆ ಎರಡು ಫ್ರೀ, ಆಮೇಲೆ ಸುಮ್ಮನೆ ಕೊಟ್ಟುಬಿಡೋದು. ಜಾಗ ಖಾಲಿ ಆಗ್ಲಿ ಅಂತ. ನನ್ನ ಪುಸ್ತಕದ ಅವಧಿ ಮುಗೀತಾ?"

"ಛೆ, ಛೆ! ಏನು ಮಾತು ಅಂತ ಆಡ್ತೀರಿ!"

"ಮುಗಿದಿದ್ರೆ ಹೇಳಿಬಿಡಿ. ನನಗೇನೂ ಬೇಜಾರಿಲ್ಲ. ನಿಮ್ಮೋರು ಇದ್ದಾಗ ಯಾವತ್ತೂ ಹಾಗೆ ಅನ್ನಿಸಿರಲಿಲ್ಲ, ಅಷ್ಟೇ."

"ಅದು ಜಾಸ್ತಿ ಜನಕ್ಕೆ ತಲುಪಲಿ ಅಂತ," ಎಂದಳು ಸೂಜಕ್ಕ. ಅದು ಸುಳ್ಳು. "ತುಂಬ ಒಳ್ಳೆ ಪುಸ್ತಕ. ಜನಕ್ಕೆ ಏನು ಗೊತ್ತು?"

ಅವನ ಮುಖ ಸ್ವಲ್ಪ ಅರಳಿತು. "ನೀವು ಓದಿದ್ದೀರಾ ಅಕ್ಕ?"

"ಹೂಂ. ಓದದೇ ಇರ್ತೀನಾ?"

"ಮೊದಲನೇದು?"

"ಹೂಂ."

"ಅಲ್ಲೊಬ್ಬರು ಬರೆದಿದ್ದಾರೆ, ಕೊಲೆ ಮಾಡಿದ್ದು ಯಾರು ಅಂತ ಹತ್ತನೇ ಪುಟಕ್ಕೇ ಗೊತ್ತಾಗುತ್ತೆ ಅಂತ. ಅದು ನನ್ನ ತಲೇಲಿ ಕೂತುಬಿಟ್ಟಿದೆ. ನಿಮಗೆ ಗೊತ್ತಾಯ್ತಾ?"

"ಇಲ್ಲಪ್ಪ! ಕೊನೇವರೆಗೂ ಗೊತ್ತಾಗಲಿಲ್ಲ."

"ನಿಮಗೆ ಯಾರ ಮೇಲೆ ಅನುಮಾನ ಇತ್ತು? ನಿಜ ಹೇಳಿ, ನನಗೆ ಉಪಕಾರ ಆಗುತ್ತೆ."

ಮುಖಪುಟದಲ್ಲಿ ಒಂದು ಗಾಜಿನ ಬಾಟಲಿ ಇದ್ದದ್ದು ಗೊತ್ತು. ಅಂಚು ಸಮ ಮಾಡಿದ್ದು ಗೊತ್ತು. ಹನ್ನೆರಡನೇ ಅಧ್ಯಾಯ ಅರ್ಧ ಪುಟಕ್ಕೆ ಶುರುವಾಗಿದ್ದನ್ನು ಸರಿಪಡಿಸಿದ್ದೂ ಗೊತ್ತು. ಬೈಂಡಿಂಗ್ ಶಾಪಿನಲ್ಲಿ ಹೊಲಿಯುವ ಫಾರಂ ಓದುತ್ತ ನಿಂತರೆ ಮೇಸ್ತ್ರಿ ತಲೆಗೆ ಮೊಟಕುತ್ತಿದ್ದ. ಕಾಗದ ನೋಡು, ಅಕ್ಷರ ನೋಡಬೇಡ ಎನ್ನುತ್ತಿದ್ದ. ಅದೇ ರೂಢಿ. ಸಾವಿರ ಪುಸ್ತಕ ಅವಳ ಕೈ ದಾಟಿವೆ, ಒಂದೂ ಒಳಗೆ ಹೋಗಿಲ್ಲ.

"ಡ್ರೈವರ್ ಮೇಲೆ," ಎಂದಳು.

ಕೆಳಗೆ ಸೈಕಲ್ ಬೆಲ್ಲು ಬಡಿಯುತ್ತಿತ್ತು, ಸರಿಹೋಯಿತೋ ಇಲ್ಲವೋ ಎಂದು ಪರೀಕ್ಷಿಸುವವರ ಹಾಗೆ.

"ಇಡೀ ಕತೆ ಹಡಗಿನ ಮೇಲೆ ನಡೆಯೋದು ಅಕ್ಕ," ಎಂದ ಮೆಲ್ಲಗೆ. "ಅದರಲ್ಲಿ ಡ್ರೈವರ್ ಇಲ್ಲ."

ಅವಳು ನೆಲ ನೋಡಿದಳು. ಅವನೂ ನೆಲ ನೋಡಿದ. ಅವಳ ಮಾನ ಹೋದದ್ದಕ್ಕೆ ಅವನೇ ನಾಚಿಕೊಂಡ ಹಾಗಿತ್ತು. ಎದ್ದ, ಕೆಮ್ಮಿದ, ಕೆಮ್ಮಿದ್ದಕ್ಕೆ ಕ್ಷಮೆ ಕೇಳಿದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಒಂಬತ್ತನೇದು ಸದ್ಯಕ್ಕೆ ಬರೆಯೋಕೆ ಆಗ್ತಿಲ್ಲ ಅಕ್ಕ. ಕೂತ್ರೆ ಆ ಮಾತುಗಳೇ ಕಣ್ಣ ಮುಂದೆ ಬರ್ತವೆ. ತಪ್ಪು ತಿಳ್ಕೋಬೇಡಿ," ಎಂದು ಇಳಿದು ಹೋದ.

ಆ ದಿನ ಸೂಜಕ್ಕ ಒಲೆ ಹಚ್ಚಲಿಲ್ಲ. ಬೆಲೆಯನ್ನು ಮತ್ತೆ ಎರಡು ಲೋಟಕ್ಕೆ ಏರಿಸಲು ಹೋದಳು. ದೊಡ್ಡ ಅಂಗಡಿಯಲ್ಲಿ ಅದು ಏರಲಿಲ್ಲ. ಮತ್ತೆ ಒತ್ತಿದಳು. ಏರಲಿಲ್ಲ. ಪುಸ್ತಕಗಳ ಕೆಳಗೆ ಹೊಸ ಮಾತು ಬರುತ್ತಲೇ ಇತ್ತು. ಯಾರನ್ನು ಕೇಳುವುದು? ಈ ಕೆಲಸ ಬಲ್ಲವರು ಅವಳಿಗೆ ಗೊತ್ತಿದ್ದದ್ದು ಇಬ್ಬರೇ. ಒಬ್ಬರು ಹೋಗಿಯಾಗಿತ್ತು.

ಮೈದುನನ ಅಂಗಡಿ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಮೆಟ್ಟಿಲು ಕಬ್ಬಿಣದ್ದು, ಹತ್ತಿದರೆ ಬೀದಿಗೆಲ್ಲ ಕೇಳಿಸುತ್ತದೆ. ಇಷ್ಟು ವರ್ಷ ಅವಳು ಆ ಮೆಟ್ಟಿಲು ತುಳಿದಿರಲಿಲ್ಲ. ಮೈದುನ ಬನಿಯನ್ನಿನಲ್ಲಿ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಅಂಗಿ ಹುಡುಕಿದ.

"ಅತ್ತಿಗೆ! ಏನು, ಹೇಳದೆ ಕೇಳದೆ?"

"ಬೆಲೆ ಏರ್ತಾ ಇಲ್ಲ," ಎಂದಳು ಅವಳು ನಿಂತಲ್ಲಿಂದಲೇ.

ಅವನಿಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಒಂದೂವರೆ, ಒಂದು, ಮುಕ್ಕಾಲು, ಸೊನ್ನೆ. ಹೇಳುತ್ತ ಹೇಳುತ್ತ ಸಿಟ್ಟೂ ಬಂತು. "ನೀನು ದಿನಾ ಬೆಳಿಗ್ಗೆ ನನ್ನ ಬೆಲೆ ನೋಡಿ ನೋಡಿ ಇಳಿಸ್ತಾ ಇದ್ದೆಯಲ್ಲ, ನಾನೇನು ಮಾಡಬೇಕಿತ್ತು? ಅಣ್ಣ ಹೋಗಿ ತಿಂಗಳು ಕಳೆದಿಲ್ಲ, ಆಗಲೇ ಶುರು ಮಾಡಿದ್ಯಲ್ಲೋ!"

ಮೈದುನ ಅಂಗಿಯ ಗುಂಡಿ ಹಾಕುತ್ತಿದ್ದವನು ನಿಲ್ಲಿಸಿದ.

"ನಾನಾ? ನಾನು ಯಾವತ್ತು ಇಳಿಸಿದೆ?"

"ಮತ್ತೆ ಯಾರು, ನಿನ್ನ ದೆವ್ವಾನಾ?"

"ಅತ್ತಿಗೆ, ಅದು ತಾನಾಗಿ ಇಳಿಯುತ್ತೆ. ಕಂಪ್ಯೂಟರಿಗೆ ಹೇಳಿಟ್ಟಿದ್ದೀನಿ. ಅಣ್ಣ ಏನು ಬೆಲೆ ಹಾಕ್ತಾನೋ ಅದಕ್ಕಿಂತ ಸ್ವಲ್ಪ ಕೆಳಗೆ ಇಡು ಅಂತ. ಇಲ್ಲಿ ಅಂಗಡಿ ಶುರು ಮಾಡಿದಾಗ ಕಟ್ಟಿಟ್ಟಿದ್ದು, ಆಮೇಲೆ ನಾನು ಮುಟ್ಟೇ ಇಲ್ಲ." ಅವನು ಪರದೆ ಅವಳ ಕಡೆ ತಿರುಗಿಸಿದ. "ಅಣ್ಣ ಬೆಲೆ ಹಾಕೋನು ಯೋಚಿಸಿ ಹಾಕೋನು. ಯೋಚಿಸೋ ಕೆಲಸ ಅವನಿಗೆ ಬಿಟ್ಟು ನಾನು ಹಿಂದೆ ಹಿಂದೆ ಹೋಗ್ತಾ ಇದ್ದೆ. ಈಗ ನೋಡಿ, ನನ್ನ ಬೆಲೆಗಳೂ ನೆಲ ಕಚ್ಚಿವೆ. ಯಾಕಪ್ಪಾ ಹೀಗಾಯ್ತು ಅಂತ ತಲೆ ಕೆಡಿಸ್ಕೊಂಡು ಕೂತಿದ್ದೆ."

ಸೂಜಕ್ಕ ಅಲ್ಲಿದ್ದ ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟಳು. ದಿನಾ ಬೆಳಿಗ್ಗೆ ಎದ್ದು ಯಾರಿಗೆ ಬೈಯುತ್ತಿದ್ದಳು? ಯಾರೂ ಇಲ್ಲದ ಕಡೆ ನಿಂತು ಕೈ ಬೀಸಿ ಕುಸ್ತಿ ಮಾಡಿದ ಹಾಗಾಯಿತು.

"ಒಂದನೇದನ್ನ ಪುಕ್ಕಟೆ ಕೊಟ್ಟು ಎರಡನೇದಕ್ಕೆ ಕಾಸು ತಗೋಳೋರನ್ನ ನೋಡಿದ್ದೀನಿ," ಎಂದ ಮೈದುನ. "ಎಂಟಕ್ಕೆ ಎಂಟೂ ಕೊಟ್ಟೋರನ್ನ ನಿಮ್ಮನ್ನೇ ನೋಡಿದ್ದು."

"ಆಡಿಕೋ. ಇನ್ನೂ ಆಡಿಕೋ."

"ಇಲ್ಲ ಅತ್ತಿಗೆ." ಅವನು ದನಿ ಇಳಿಸಿದ. "ಮೆಟ್ಟಿಲಲ್ಲಿ ಗುಮಾಸ್ತರನ್ನ ಕೇಳಿದ್ದು ನಿಜ. ಅದು ಅವತ್ತು ಕೇಳೋ ಮಾತಲ್ಲ. ಅವರು ಏನಂದ್ರು ಗೊತ್ತಾ? ಅಕ್ಕ ಇರೋವಾಗ ನಾನು ಬೇರೆ ಕಡೆ ಹೋಗಲ್ಲ ಅಂದ್ರು. ಮುಖ ಮುಚ್ಚಿಕೊಂಡು ಇಳಿದುಬಂದೆ."

ಉಳಿಯುತ್ತೇನೆ ಎಂದವನನ್ನು ಉಳಿಸಿಕೊಳ್ಳಲು ಹೋಗಿ ಅವನ ಎಂಟು ಪುಸ್ತಕಗಳನ್ನು ಬೀದಿಗೆ ಹಾಕಿದ್ದಳು.

ಬೆಲೆ ಏರಿಸುವ ದಾರಿ ಮೈದುನ ತೋರಿಸಿದ. ಸಣ್ಣ ಅಂಗಡಿಯ ಪುಕ್ಕಟೆ ಯೋಜನೆ ಒಮ್ಮೆ ಒಪ್ಪಿಕೊಂಡರೆ ಒಂದು ತಿಂಗಳು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಅದು ಮುಗಿದ ಮೇಲೆಯೇ ದೊಡ್ಡದರಲ್ಲಿ ಬೆಲೆ ಏರುವುದು. ಅಲ್ಲಿಯವರೆಗೆ ನೋಡುತ್ತ ಕೂರಬೇಕು. ಅವನು ತನ್ನ ಕಂಪ್ಯೂಟರಿಗೆ ಕಟ್ಟಿಟ್ಟದ್ದನ್ನು ಅವಳ ಎದುರಿಗೇ ಬಿಚ್ಚಿದ. "ಇನ್ಮೇಲೆ ನನ್ನ ಬೆಲೆ ನಾನೇ ಯೋಚಿಸ್ಬೇಕು," ಎಂದ. ಅವಳು ಕಬ್ಬಿಣದ ಮೆಟ್ಟಿಲು ಇಳಿದಳು.

ಔಷಧಿ ಅಂಗಡಿಗೆ ಹೋಗುವುದು ಇದಕ್ಕಿಂತ ಕಷ್ಟ. ಎರಡು ಸಲ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದಳು. ಮೂರನೆಯ ಸಲ ಒಂಬತ್ತನೆಯ ಪುಸ್ತಕದ ಆ ಅರ್ಧ ಕಂತೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಯಜಮಾನರು ಹೋದ ಮೇಲೆ ಆ ಹಾಳೆಗಳು ಚದುರಿಹೋಗಬಾರದೆಂದು ಅವಳು ಅವನ್ನು ಹೊಲಿದಿದ್ದಳು. ಆರು ತೂತಿನ ಹೊಲಿಗೆ, ಬೆನ್ನಿಗೆ ಬಟ್ಟೆ. ಕೆಂಪು ಅಕ್ಷರ ಇದ್ದಲ್ಲೆಲ್ಲ ಸೂಜಿ ತಗಲದ ಹಾಗೆ.

ಅಂಗಡಿಯ ಮುಂದೆ ಜನ. ಅವನ ಗುಟ್ಟು ಗೊತ್ತಿದ್ದರಿಂದ ಅವಳು ಹಿಂದಿನ ಬಾಗಿಲಿಗೆ ಹೋಗಿ, ಖಾಲಿ ರಟ್ಟಿನ ಪೆಟ್ಟಿಗೆಗಳ ಪಕ್ಕ ನಿಂತಳು. ಊಟದ ಹೊತ್ತಿಗೆ ಗುಮಾಸ್ತ ಡಬ್ಬಿ ಹಿಡಿದು ಹೊರಗೆ ಬಂದ. ಅವಳನ್ನು ಕಂಡು ಡಬ್ಬಿ ಬೆನ್ನ ಹಿಂದೆ ಇಟ್ಟುಕೊಂಡ, ತಿನ್ನುವುದೇ ತಪ್ಪು ಎನ್ನುವ ಹಾಗೆ.

"ನಾನು ಓದಿಲ್ಲ," ಎಂದಳು ಸೂಜಕ್ಕ. ಬೇರೆ ಎಲ್ಲಿಂದ ಶುರು ಮಾಡುವುದೋ ಗೊತ್ತಾಗಲಿಲ್ಲ. "ಒಂದೂ ಓದಿಲ್ಲ. ಅವತ್ತು ಸುಳ್ಳು ಹೇಳಿದೆ. ಜಾಸ್ತಿ ಜನಕ್ಕೆ ತಲುಪಲಿ ಅಂದಿದ್ದೂ ಸುಳ್ಳು. ಮೈದುನನ ಮೇಲಿನ ಸಿಟ್ಟಿಗೆ ಸೊನ್ನೆ ಹಾಕಿದೆ. ನಿಮ್ಮ ಪುಸ್ತಕ ಒಳ್ಳೇದೋ ಕೆಟ್ಟದ್ದೋ ನನಗೆ ಗೊತ್ತೇ ಇರಲಿಲ್ಲ. ತೂಕ ಇಲ್ಲ, ಅದಕ್ಕೆ ಬೆಲೆ ಇಲ್ಲ ಅಂದ್ಕೊಂಡೆ."

ಗುಮಾಸ್ತ ಒಂದು ಪೆಟ್ಟಿಗೆಯ ಮೇಲೆ ಕೂತ. ಡಬ್ಬಿಯನ್ನು ಪಕ್ಕಕ್ಕೆ ಇಟ್ಟ.

"ಓದಿ, ಕೆಟ್ಟದು ಅಂತ ಸೊನ್ನೆ ಹಾಕಿದ್ರೆ ಅದೊಂದು ಮಾತು," ಎಂದ ಕೊನೆಗೆ. "ಓದದೇನೇ ಹಾಕಿದ್ರಿ ಅಂದ್ರಲ್ಲ. ಅದು ಇನ್ನೂ ನೋವಾಗುತ್ತೆ ಅಕ್ಕ."

"ಗೊತ್ತು."

"ನಿಮಗೆ ಗೊತ್ತಿಲ್ಲ." ಅವನು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಒಳಗಿನಿಂದ ಮಾಲೀಕ "ಏನಯ್ಯಾ ಅದು?" ಎಂದು ಕೂಗಿದ. "ಏನಿಲ್ಲ ಸರ್," ಎಂದ ಇವನು, ಮತ್ತೆ ಹಳೆಯ ದನಿಯಲ್ಲಿ.

ಅವಳು ಬಟ್ಟೆ ಬಿಚ್ಚಿ ಕಂತೆಯನ್ನು ಅವನ ತೊಡೆಯ ಮೇಲೆ ಇಟ್ಟಳು. ಅವನು ತೆರೆದ. ಪುಟದ ಅಂಚುಗಳಲ್ಲೆಲ್ಲ ಯಜಮಾನರ ಕೆಂಪು ಅಕ್ಷರ. ಒಂದು ಕಡೆ "ಇಲ್ಲಿ ದಾದಿ ಇಷ್ಟು ಬೇಗ ನಗಬಾರದು" ಎಂದಿತ್ತು. ಅವನು ಅದರ ಮೇಲೆ ಬೆರಳಾಡಿಸಿದ.

"ಇದನ್ನ ನನ್ನ ಮೈದುನನಿಗೆ ಕೊಡಿ," ಎಂದಳು ಸೂಜಕ್ಕ. ಇದನ್ನು ಹೇಳಲು ಅವಳು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದಳು. "ಉಳಿದದ್ದನ್ನ ಬರೆದು ಅವನಿಗೇ ಕೊಡಿ. ಅವನಿಗೆ ಈ ಕೆಲಸ ಬರುತ್ತೆ. ನನಗೆ ಬರಲ್ಲ."

"ಇದರ ಇನ್ನೊಂದು ಪ್ರತಿ ಇದೆಯಾ ನಿಮ್ಮ ಹತ್ರ?"

"ಇಲ್ಲ."

"ಅವರ ಅಕ್ಷರ ಇದೆ ಇದರಲ್ಲಿ."

"ಹೂಂ."

ಅವನು ಬೇಡ ಎನ್ನಲಿಲ್ಲ. ನಿಮ್ಮನ್ನು ಬಿಟ್ಟು ಹೋಗುವುದಿಲ್ಲ ಎಂದೂ ಹೇಳಲಿಲ್ಲ. ಹೇಳಲಿ ಎಂದು ಅವಳ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಕಾಯುತ್ತಿದ್ದದ್ದು ತಿಳಿದು ಇನ್ನಷ್ಟು ನಾಚಿಕೆಯಾಯಿತು. ಅವನು ಕಂತೆಯನ್ನು ಮುಚ್ಚಿ, 'ಊಟ ಆಯ್ತಾ ಅಕ್ಕ' ಎಂದು ಬರಿದೇ ಕೇಳಿದ. ಆಯ್ತು ಎಂದು ಅವಳು ಬರಿದೇ ಹೇಳಿದಳು.

ಆಮೇಲಿನ ದಿನಗಳಲ್ಲಿ ಸಣ್ಣ ಅಂಗಡಿಯ ತಿಂಗಳು ಮುಗಿಯಿತು, ಎಂಟೂ ಪುಸ್ತಕಗಳ ಬೆಲೆ ಎರಡು ಲೋಟಕ್ಕೆ ಏರಿತು. ಕೆಳಗಿನ ಮಾತುಗಳು ಮಾತ್ರ ಹಾಗೇ ಉಳಿದವು. ಅವನ್ನು ಅಳಿಸಲು ಬರುವುದಿಲ್ಲ. ಕೊಳ್ಳುವವರು ಬಂದು, ಅವನ್ನು ಓದಿ, ಹೋಗಿಬಿಡುತ್ತಿದ್ದರು. ಸೂಜಕ್ಕ ಬಟ್ಟೆ ಅಂಗಡಿಯೊಂದಕ್ಕೆ ಚೀಲ ಹೊಲಿದುಕೊಡುವ ಕೆಲಸ ಹಿಡಿದಳು. ಔಷಧಿ ಬೇಕಾದರೆ ದೂರದ ಅಂಗಡಿಗೆ ಹೋಗುತ್ತಿದ್ದಳು.

ಬಿಸಿಲು ಕಾಲ ಮುಗಿಯುವ ಹೊತ್ತಿಗೆ ಮೈದುನನ ಫೋನು ಬಂತು.

"ಅತ್ತಿಗೆ, ಒಂಬತ್ತನೇದು ಮುಗೀತು. ಬರೆದು ಕೊಟ್ಟಿದ್ದಾರೆ."

"ಒಳ್ಳೇದಾಯ್ತಪ್ಪ," ಎಂದಳು. ನಿಜವಾಗಿಯೂ ಹಾಗೇ ಅನ್ನಿಸಿತು. ಜೊತೆಗೆ ಹೊಟ್ಟೆಯೂ ಉರಿಯಿತು.

"ಬೆಲೆ ಎಷ್ಟು ಹಾಕಲಿ ಅಂತ ಕೇಳೋಕೆ ಫೋನ್ ಮಾಡಿದೆ."

"ನನ್ನನ್ನಾ? ಗೇಲಿ ಮಾಡ್ತಿದ್ದೀಯಾ?"

"ನಾನಲ್ಲ ಕೇಳ್ತಿರೋದು. ಗುಮಾಸ್ತರು. ಅಕ್ಕ ಓದಲಿ, ಓದಿ ಅವರು ಎಷ್ಟು ಹೇಳ್ತಾರೋ ಅಷ್ಟು ಹಾಕಿ ಅಂದ್ರು. ಸೊನ್ನೆ ಅಂದ್ರೆ ಸೊನ್ನೇನೇ ಹಾಕಿ ಅಂದ್ರು."

ಸೂಜಕ್ಕನಿಗೆ ಇದು ಶಿಕ್ಷೆಯೋ ಮರ್ಯಾದೆಯೋ ತಿಳಿಯಲಿಲ್ಲ. ಬೇಡ, ನನ್ನ ಕೈಲಿ ಆಗುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದಳು. ಪೆಟ್ಟಿಗೆಯ ಮೇಲೆ ಕೂತು, ಓದದೇನೇ ಹಾಕಿದ್ರಿ ಅಂದವನ ಮುಖ ಕಣ್ಣಿಗೆ ಬಂತು.

"ನಾನು ನಿಧಾನ," ಎಂದಳು. "ಅಕ್ಷರ ಕೂಡಿಸಿ ಓದೋಳು. ಎಷ್ಟು ದಿನ ಹಿಡಿಯುತ್ತೋ."

"ಕಾಯ್ತೀವಿ ಅಂತ ಹೇಳಿದ್ದಾರೆ. ನಾನೂ ಕಾಯ್ತೀನಿ."

ಅವನು ಕಳಿಸಿದ ಪುಸ್ತಕ ಕಂಪ್ಯೂಟರಿನಲ್ಲಿ ತೆರೆದುಕೊಂಡಿತು. ಅಂಚು ಸಮ ಇದೆಯೇ ಎಂದು ಕಣ್ಣು ತನ್ನ ಪಾಡಿಗೆ ನೋಡಲು ಹೋಯಿತು. ಅವಳು ಅದನ್ನು ಎಳೆದು ತಂದು ಮೊದಲ ಸಾಲಿನ ಮೇಲೆ ನಿಲ್ಲಿಸಿದಳು. ಸುಮ್ಮನೆ ಓದಿದರೆ ಒಳಗೆ ಹೋಗುತ್ತಿರಲಿಲ್ಲ. ಬಾಯಿ ಬಿಟ್ಟು ಓದಬೇಕಾಯಿತು, ಶಾಲೆಯ ಮಗುವಿನ ಹಾಗೆ, ಬೆರಳಿಟ್ಟು. "ದಾದಿ ಆ ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ." ಅಷ್ಟು ಓದುವುದರಲ್ಲಿ ಎರಡು ಸಲ ತಡವರಿಸಿದಳು. ಕೆಳಗೆ ಸೈಕಲ್ ಶಾಪಿನವನು ಯಾರೊಂದಿಗೋ ನಗುತ್ತಿದ್ದ. ತನ್ನ ಓದು ಕೇಳಿಯೇ ನಗುತ್ತಿದ್ದಾನೆ ಅನ್ನಿಸಿ ಅವಳ ಮುಖ ಕೆಂಪಾಯಿತು. ಎದ್ದು ಹೋಗಿ ಕಿಟಕಿ ಹಾಕಿದಳು. ಮತ್ತೆ ಕೂತು, ದನಿ ತಗ್ಗಿಸಿ, ಮೊದಲಿನಿಂದ ಶುರು ಮಾಡಿದಳು.